ತೊಗರಿಯ ನೆಟೆಗೆ ಮದ್ದು ಇರುವುದು ಬಿತ್ತನೆಗೆ ಮುಂಚೆ

ಮಾನ್ಯ ಸಂಪಾದಕರೇ,

ಮುಂಗಾರು ಬಿತ್ತನೆಗೆ ಬೀಜ, ಗೊಬ್ಬರದ ದಾಸ್ತಾನು ಎಷ್ಟಿದೆ ಎಂಬ ಸುದ್ದಿಗಳು ನಿಮ್ಮ ಪತ್ರಿಕೆಯಲ್ಲಿ ಬರತೊಡಗಿವೆ. ತೊಗರಿಯ ನೆಟೆ ರೋಗದ ಬಗ್ಗೆ ಮಾತಾಡಲು ಇದೇ ತಕ್ಕ ಹೊತ್ತು. 2022ರ ಹಂಗಾಮಿನಲ್ಲಿ ಕಲಬುರಗಿ ಭಾಗದಲ್ಲಿ ಹೂ, ಕಾಯಿ ತುಂಬಿದ್ದ ತೊಗರಿ ಹೊಲಕ್ಕೆ ಹೊಲವೇ ನಿಂತಲ್ಲೇ ಒಣಗಿತು. ಆ ಭಯ ಇನ್ನೂ ಹೋಗಿಲ್ಲ. ನಾಲ್ಕು ಗಿಡ ಬಾಡಿದರೂ ಸಾಕು, ರೈತರು ಔಷಧಿ ಅಂಗಡಿಗೆ ಓಡುತ್ತಾರೆ, ಕೊಟ್ಟದ್ದನ್ನು ತಂದು ಎಲೆಯ ಮೇಲೆ ಹೊಡೆಯುತ್ತಾರೆ. ಆ ದುಡ್ಡು ಪೂರ್ತಿ ದಂಡ.

ಕಾರಣ ಸರಳವಾಗಿದೆ. ನೆಟೆ ತರುವ ಫ್ಯುಸೇರಿಯಂ ಶಿಲೀಂಧ್ರ ಇರುವುದು ಮಣ್ಣಿನಲ್ಲಿ. ಅದು ಎಳೆ ಬೇರಿನಿಂದ ಒಳಹೊಕ್ಕು, ನೀರು ಮೇಲೇರುವ ನಾಳಗಳಲ್ಲಿ ಬೆಳೆದು ಅವನ್ನು ಮುಚ್ಚುತ್ತದೆ. ಗಿಡದೊಳಗೆ ಹರಡುವ ಹೆಚ್ಚಿನ ಶಿಲೀಂಧ್ರನಾಶಕಗಳು ಬೇರಿನಿಂದ ತುದಿಯತ್ತ ಏರುತ್ತವೆ, ಎಲೆಯಿಂದ ಬೇರಿಗೆ ಇಳಿಯುವುದಿಲ್ಲ. ಹಾಗಾದರೆ ಬುಡಕ್ಕೇ ಸುರಿಯೋಣ ಎನ್ನುವವರು ಲೆಕ್ಕ ಹಾಕಿ ನೋಡಲಿ. ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇಟ್ಟು ಬಿತ್ತಿದ ಎಕರೆಯಲ್ಲಿ ಸುಮಾರು 22 ಸಾವಿರ ಗಿಡಗಳಿರುತ್ತವೆ. ಗಿಡಕ್ಕೆ 200 ಮಿ.ಲೀ. ಎಂದರೂ 4,400 ಲೀಟರ್ ದ್ರಾವಣ ಬೇಕು, ಅಂದರೆ 16 ಲೀಟರಿನ ಪಂಪು 275 ಸಲ ತುಂಬಬೇಕು. ಮೊದಲು ರೋಗ ಕಂಡ ಹತ್ತಿಪ್ಪತ್ತು ಗಿಡಗಳ ಸುತ್ತ ಸುರಿದು ಹರಡುವಿಕೆಯನ್ನು ತಡೆಯಲು ನೋಡಬಹುದು, ಇಡೀ ಹೊಲಕ್ಕೆ ಆಗದ ಮಾತು.

ಒಣಗಿದ್ದೆಲ್ಲವನ್ನೂ ನೆಟೆ ಎಂದು ಕರೆಯುವುದೂ ಸರಿಯಲ್ಲ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಬಾಡಿದ ಗಿಡವನ್ನು ಬೇರು ಸಮೇತ ಕಿತ್ತು, ಬುಡದ ಕಾಂಡವನ್ನು ಕುಡುಗೋಲಿನಿಂದ ಉದ್ದಕ್ಕೆ ಸೀಳಿ ನೋಡಬೇಕು. ತೊಗಟೆಯಡಿಯ ಕಟ್ಟಿಗೆಯಲ್ಲಿ ಕಂದು ಅಥವಾ ಕಪ್ಪು ಗೆರೆ ಮೇಲಕ್ಕೆ ಹೋಗಿದ್ದರೆ, ಹೊರಗೆ ಬುಡದಿಂದ ನೇರಳೆ ಪಟ್ಟಿ ಏರಿದ್ದರೆ ಅದು ನಿಜವಾದ ನೆಟೆ. ಎಷ್ಟೋ ಸಲ ಗಿಡದ ಒಂದೇ ಮಗ್ಗುಲು ಒಣಗಿ ಇನ್ನೊಂದು ಹಸಿರಾಗಿಯೇ ಇರುತ್ತದೆ. ಗೆರೆ ಇಲ್ಲದೆ ಬೇರು ಕೊಳೆತು ಪಟಪಟನೆ ಮುರಿಯುತ್ತಿದ್ದರೆ, ಸಿಪ್ಪೆ ಸುಲಿದಾಗ ಒಳಗೆ ಸಾಸಿವೆಗಿಂತಲೂ ಸಣ್ಣ ಕಪ್ಪು ಚುಕ್ಕಿಗಳು ಕಂಡರೆ ಅದು ಒಣ ಬೇರುಕೊಳೆ. ಮಳೆ ಕೈಕೊಟ್ಟು ಬಿಸಿಲೇರಿ ಭೂಮಿ ಬಿರಿದಾಗ ಬರುವಂಥದ್ದು ಇದು. ಮಳೆ ಹಿಡಿದ ಜುಲೈ, ಆಗಸ್ಟ್‌ನಲ್ಲಿ ನೆಲಮಟ್ಟದ ಕಾಂಡದ ಮೇಲೆ ಒಳಗಿಳಿದ ಕಂದು ಕಲೆಯಾಗಿ ಅಲ್ಲೇ ಮುರಿದು ಬಿದ್ದರೆ ಫೈಟಾಪ್ತೊರಾ ಅಂಗಮಾರಿ. ತಗ್ಗಿನಲ್ಲಿ ಎಲ್ಲ ಗಿಡವೂ ಒಂದೇ ಸಮ ಹಳದಿಯಾಗಿ ಬಾಡಿದ್ದು, ಕಾಂಡದಲ್ಲಿ ಗೆರೆಯೂ ಇಲ್ಲ, ಕಲೆಯೂ ಇಲ್ಲ ಎಂದಾದರೆ ನೀರು ನಿಂತು ಬೇರು ಉಸಿರುಗಟ್ಟಿದೆ. ಇನ್ನು ಗಿಡ ಹಸಿರಾಗಿ, ಪೊದೆಯಾಗಿ, ಸಣ್ಣ ತಿಳಿ ಹಸಿರು ಎಲೆ ಬಿಟ್ಟು ಹೂವನ್ನೇ ಬಿಡದಿದ್ದರೆ ಅದು ನುಸಿಯಿಂದ ಹರಡುವ ಗೊಡ್ಡು ರೋಗ, ನೆಟೆಗೂ ಅದಕ್ಕೂ ಸಂಬಂಧವಿಲ್ಲ.

ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಹೊಲ ಜಲಾವೃತವಾದರೆ ಅದು ಸ್ಥಳೀಯ ವಿಪತ್ತು. 72 ಗಂಟೆಯೊಳಗೆ ತಿಳಿಸಿದರೆ ಆ ಒಬ್ಬ ರೈತನ ಹೊಲವನ್ನೇ ಪರಿಶೀಲಿಸಿ ಪರಿಹಾರ ಕೊಡಬೇಕು. ರೋಗದ ನಷ್ಟ ಹಾಗಲ್ಲ, ಅದು ಆಯ್ದ ಕೆಲವು ಹೊಲಗಳಲ್ಲಿ ನಡೆಸುವ ಬೆಳೆ ಕಟಾವು ಪ್ರಯೋಗದ ಇಳುವರಿಯಲ್ಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ನೀರು ನಿಂತು ಸತ್ತ ಬೆಳೆಯನ್ನು ಅರ್ಜಿಯಲ್ಲಿ ‘ನೆಟೆ ರೋಗ’ ಎಂದು ಬರೆಸಿದ ರೈತ ತನ್ನ ಹಕ್ಕನ್ನು ತಾನೇ ಕಳೆದುಕೊಳ್ಳುತ್ತಾನೆ.

ಬೆಳೆ ಬದಲಾವಣೆಗೂ ರೋಗದ ಗುರುತು ಬೇಕು. ನೆಟೆಯ ಫ್ಯುಸೇರಿಯಂ ಹೆಚ್ಚುಕಡಿಮೆ ತೊಗರಿಗೇ ಮೀಸಲಾದದ್ದು. ಹೊಲದಲ್ಲಿ ಉಳಿದ ಕೂಳೆ, ಬೇರುಗಳಲ್ಲಿ ಅದು ಮೂರು ವರ್ಷದವರೆಗೂ ಬದುಕಿರುತ್ತದೆ. ಎರಡು ಮೂರು ವರ್ಷ ಜೋಳ, ಸಜ್ಜೆಗೆ ಹೊಲ ಬಿಟ್ಟರೆ ಅದು ಸೊರಗುತ್ತದೆ, ತೊಗರಿಯ ನಡುವೆ ಜೋಳದ ಸಾಲು ಹಾಕಿದರೂ ನೆಟೆ ಕಡಿಮೆಯಾಗುತ್ತದೆ. ಆದರೆ ಒಣ ಬೇರುಕೊಳೆಯ ಶಿಲೀಂಧ್ರ ಜೋಳವನ್ನೂ ಕಡಲೆಯನ್ನೂ ಸೂರ್ಯಕಾಂತಿಯನ್ನೂ ಬಿಡುವುದಿಲ್ಲ. ಹಿಂಗಾರಿ ಜೋಳ ಕಾಳು ಕಟ್ಟುವಾಗ ಬುಡ ಕೊಳೆತು ನೆಲಕ್ಕೊರಗುವುದು ಇದರಿಂದಲೇ. ಅಂಥ ಹೊಲದಲ್ಲಿ ಬರೀ ಬೆಳೆ ಬದಲಿಸಿದರೆ ಸಾಲದು. ಕೊಟ್ಟಿಗೆ ಗೊಬ್ಬರ ಹಾಕಿ, ಎಡೆ ಹೊಡೆದು ತೇವ ಉಳಿಸಿಕೊಂಡು, ಅನುಕೂಲವಿದ್ದರೆ ಕಾಯಿ ಕಟ್ಟುವಾಗ ಒಂದು ತೆಳು ನೀರು ಕೊಟ್ಟು ಗಿಡ ಬಳಲದಂತೆ ನೋಡಿಕೊಳ್ಳಬೇಕು.

ತಳಿಯ ವಿಷಯಕ್ಕೆ ಬಂದರೆ, 1986ರಲ್ಲಿ ಬಂದ ಮಾರುತಿ ನೆಟೆಗೆ ಗಟ್ಟಿಯಾಗಿ ನಿಂತ ತಳಿ. ನಂತರ ಬಂದ ಟಿಎಸ್-3ಆರ್ ಕೂಡ ನೆಟೆ ತಡೆಯುತ್ತದೆ. ಆದರೆ ಎರಡೂ ಗೊಡ್ಡು ರೋಗಕ್ಕೆ ಬೇಗ ತುತ್ತಾಗುತ್ತವೆ. ನೆಟೆ, ಗೊಡ್ಡು ಎರಡೂ ರೋಗಗಳನ್ನು ತಾಳುವ ಬಿಎಸ್‌ಎಂಆರ್-736 ಇದೆ, ಅದರ ಅವಧಿ ಹೆಚ್ಚು, ತೇವ ಹಿಡಿಯುವ ಆಳವಾದ ಎರೆ ಭೂಮಿಗೆ ಮಾತ್ರ ಸರಿ. ಬಹಳ ಜನರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ತೊಗರಿ ಹೂವಿಗೆ ಜೇನು ಬರುತ್ತದೆ, ಪಕ್ಕದ ಹೊಲದ ಪರಾಗ ಗಣನೀಯ ಪ್ರಮಾಣದಲ್ಲಿ ಬೆರೆಯುತ್ತದೆ. ವರ್ಷಗಟ್ಟಲೆ ಮನೆಯ ಬೀಜವನ್ನೇ ಬಿತ್ತಿದರೆ ಟಿಎಸ್-3ಆರ್ ಎಂಬ ಹೆಸರು ಉಳಿಯುತ್ತದೆ, ನೆಟೆ ತಡೆಯುವ ಗುಣ ಉಳಿಯುವುದಿಲ್ಲ. ಮೂರು ವರ್ಷಕ್ಕೊಮ್ಮೆಯಾದರೂ ಪ್ರಮಾಣಿತ ಬೀಜ ತರಬೇಕು. ಎಕರೆಗೆ 5 ಕಿಲೋ ಸಾಕು, ದೊಡ್ಡ ಖರ್ಚೇನಲ್ಲ.

ಇನ್ನು ಟ್ರೈಕೋಡರ್ಮಾ. ನೆಟೆಗೆ ನಾವು ಕೈಯಾರೆ ಮಾಡಬಹುದಾದ ಕೆಲಸಗಳಲ್ಲಿ ಇದೇ ಮುಖ್ಯ, ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಇದು ನೆಟೆಯ ಶಿಲೀಂಧ್ರವನ್ನು ಹತ್ತಿಕ್ಕುವ, ಜೀವವಿರುವ ಇನ್ನೊಂದು ಶಿಲೀಂಧ್ರ. ಬಿಸಿಲಿಗೆ ಇಟ್ಟ ಪೊಟ್ಟಣದಲ್ಲಿ, ಅವಧಿ ಮುಗಿದ ಪೊಟ್ಟಣದಲ್ಲಿ ಬರೀ ಪುಡಿ ಉಳಿದಿರುತ್ತದೆ. ಕೊಳ್ಳುವಾಗ ತಯಾರಾದ ದಿನಾಂಕ ನೋಡಲೇಬೇಕು. ಒಂದು ಕಿಲೋ ಟ್ರೈಕೋಡರ್ಮಾವನ್ನು ಚೆನ್ನಾಗಿ ಕಳಿತ 100 ಕಿಲೋ ತಿಪ್ಪೆಗೊಬ್ಬರಕ್ಕೆ ಬೆರೆಸಿ, ನೆರಳಿನಲ್ಲಿ ಗುಡ್ಡೆ ಮಾಡಿ, ಹದವಾಗಿ ನೀರು ಚಿಮುಕಿಸಿ, ಒದ್ದೆ ಗೋಣಿತಾಟು ಹೊದಿಸಬೇಕು. ನಡುವೆ ಒಂದೆರಡು ಸಲ ಮಗುಚಿದರೆ 10–15 ದಿನದಲ್ಲಿ ಗೊಬ್ಬರದ ಮೇಲೆ ಹಸಿರು ಬೂಷ್ಟು ಹಬ್ಬುತ್ತದೆ. ಅದು ಕಾಣದಿದ್ದರೆ ಪೊಟ್ಟಣ ಸತ್ತಿತ್ತೆಂದೇ ಅರ್ಥ. ಇದನ್ನು ಹಸಿ ಇರುವ ಮಣ್ಣಿಗೆ, ಬಿತ್ತುವ ಸಾಲಿನಲ್ಲೇ ಎಕರೆಗೆ ಸಮನಾಗಿ ಬೀಳುವಂತೆ ಹಾಕಬೇಕು. ಒಣ ಮಣ್ಣಿನ ಮೇಲೆ ಎರಚಿದರೆ ಫಲವಿಲ್ಲ.

ಬೀಜಕ್ಕೂ ಕಿಲೋಗೆ 4 ಗ್ರಾಂ ಟ್ರೈಕೋಡರ್ಮಾ ಲೇಪಿಸಿ, ಎಕರೆಯ ಬೀಜಕ್ಕೆ ಸಾರಜನಕ ಒದಗಿಸುವ ರೈಜೋಬಿಯಂ ಮತ್ತು ರಂಜಕ ಕರಗಿಸುವ ಅಣುಜೀವಿ ತಲಾ 200 ಗ್ರಾಂ ಬೆಲ್ಲದ ಅಂಟಿನಲ್ಲಿ ಹಚ್ಚಿ, ನೆರಳಲ್ಲಿ ಆರಿಸಿ ಅದೇ ದಿನ ಬಿತ್ತಬೇಕು. ಅದೇ ಬೀಜಕ್ಕೆ ‘ಗಟ್ಟಿಯಾಗಲಿ’ ಎಂದು ಕಾರ್ಬೆಂಡಾಜಿಮ್ ಎಂಬ ಶಿಲೀಂಧ್ರನಾಶಕವನ್ನೂ ಹಚ್ಚುವವರಿದ್ದಾರೆ. ಕಾರ್ಬೆಂಡಾಜಿಮ್ ಟ್ರೈಕೋಡರ್ಮಾವನ್ನೇ ಕೊಲ್ಲುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ನೀರು ಬಸಿಯುವ ವ್ಯವಸ್ಥೆಗೆ ಹೆಚ್ಚು ಖರ್ಚಿಲ್ಲ. ಇಳಿಜಾರಿಗೆ ಅಡ್ಡವಾಗಿ ಬಿತ್ತಿ, ನಾಲ್ಕಾರು ಸಾಲಿಗೊಂದು ದೋಣಿ ಸಾಲು ತೆಗೆದು ಅದರ ಬಾಯಿಯನ್ನು ಹೊಲದಾಚೆ ಬಿಡಿಸಿದರಾಯಿತು. ಬಾಯಿ ಮುಚ್ಚಿದ ದೋಣಿ ಸಾಲು ಹೆಚ್ಚಿನ ಮಳೆಯಲ್ಲಿ ಕೆರೆಯಾಗುತ್ತದೆ, ಅದನ್ನು ಸೆಪ್ಟೆಂಬರ್ ಮಳೆಗೆ ಮುಂಚೆ ಇನ್ನೊಮ್ಮೆ ನೋಡಬೇಕು. ಎಕರೆಗೆ ಒಂದು ಚೀಲ ಡಿಎಪಿ ಸಾಕು. ಮೇಲೆ ಯೂರಿಯಾ ಕೊಟ್ಟರೆ ಬರೀ ಸೊಪ್ಪು ಬೆಳೆಯುತ್ತದೆ. 45–50 ದಿನಕ್ಕೆ ಕುಡಿ ಚಿವುಟುವುದು ಒಳ್ಳೆಯದು, ಮೊಗ್ಗು ಮೂಡಿದ ಮೇಲೆ ಚಿವುಟಿದರೆ ಹೂ ತಡವಾಗಿ ಕೊನೆಯ ತೇವ ತಪ್ಪುತ್ತದೆ. ಕಟಾವಾದ ಮೇಲೆ ರೋಗ ಬಿದ್ದಿದ್ದ ಜಾಗದ ಕೂಳೆಯನ್ನು ಬೇರು ಸಹಿತ ಕಿತ್ತು ಸುಡಬೇಕು, ಬೇಸಿಗೆಯಲ್ಲಿ ಆಳವಾಗಿ ಉಳುಮೆ ಮಾಡಬೇಕು. ಬದುವಿನ ಮೇಲೆ ಉಳಿದ ಹಳೆಯ ತೊಗರಿ ಗಿಡಗಳನ್ನೂ ಬಿಡಬಾರದು, ಗೊಡ್ಡು ರೋಗದ ನುಸಿ ಬೇಸಿಗೆ ಕಳೆಯುವುದು ಅಲ್ಲಿಯೇ.

ಕೃಷಿ ಇಲಾಖೆಗೆ ನಮ್ಮ ಕೋರಿಕೆ ಇಷ್ಟು. ರೈತ ಸಂಪರ್ಕ ಕೇಂದ್ರಗಳಲ್ಲಿ ಟ್ರೈಕೋಡರ್ಮಾ ಮೇ ಮಧ್ಯಕ್ಕೇ ಸಿಗಬೇಕು. ಬೀಜದ ಜೊತೆ ಜೂನ್ ಕೊನೆಗೆ ಬಂದರೆ ಗೊಬ್ಬರದಲ್ಲಿ ಬೆಳೆಸಲು ಬೇಕಾದ ಎರಡು ವಾರ ಯಾರಿಗೂ ಸಿಗುವುದಿಲ್ಲ. ತೊಗರಿ ಬೀಜ ಕೊಡುವಾಗಲೇ ಎಕರೆಗೆ ತಕ್ಕ ಪೊಟ್ಟಣವನ್ನು ಸೇರಿಸಿ ಕೊಡುವ ಬದಲು ಮೊದಲೇ ಹಂಚಿ, ಬಿತ್ತನೆ ಬೀಜವನ್ನು ಆಮೇಲೆ ಕೊಡಲಿ. ಬೆಳೆ ಸಮೀಕ್ಷೆಗೆ ಬರುವ ಸಿಬ್ಬಂದಿ ‘ನೆಟೆ’ ಎಂದು ಬರೆಯುವ ಮುನ್ನ ಒಂದು ಗಿಡವನ್ನಾದರೂ ಸೀಳಿ ನೋಡಲಿ, ಯಾವ ರೋಗ, ಎಷ್ಟು ಎಕರೆ ಎಂದು ಸರ್ವೆ ನಂಬರ್‌ವಾರು ದಾಖಲಿಸಿ ಗ್ರಾಮ ಪಂಚಾಯಿತಿಯಲ್ಲಿ ಅಂಟಿಸಲಿ. ಮುಂದಿನ ವರ್ಷ ಯಾವ ಹೊಲದಲ್ಲಿ ತೊಗರಿ ಬಿತ್ತಬಾರದು ಎಂಬುದು ಆ ಪಟ್ಟಿಯಿಂದಲೇ ರೈತರಿಗೆ ಗೊತ್ತಾಗುತ್ತದೆ.

– ತೊಗರಿ ಬೆಳೆಗಾರರು, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ