ಚೂಕ್‌ನ ಮುಳುಗಿದ ಹಡಗು: ಹೊರಗೆ ನೋಡುವುದೇ ಬೇರೆ, ಒಳಗೆ ಹೋಗುವುದೇ ಬೇರೆ

ಮಾನ್ಯ ಸಂಪಾದಕರೇ,

ಪೆಸಿಫಿಕ್ ಸಾಗರದ ಮೈಕ್ರೊನೇಷಿಯಾ ದೇಶದ ಚೂಕ್ ಲಗೂನ್ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನದ ಇತಿಹಾಸ ಭಾಗ ಸೊಗಸಾಗಿತ್ತು. 1944ರ ಫೆಬ್ರುವರಿ 17 ಮತ್ತು 18ರಂದು ಅಮೆರಿಕದ ವಿಮಾನಗಳು ಅಲ್ಲಿ ಜಪಾನಿನ ಹತ್ತಾರು ಹಡಗುಗಳನ್ನು ಮುಳುಗಿಸಿದ ಕಥೆ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ. ಆದರೆ ‘ಓಪನ್ ವಾಟರ್ ಕೋರ್ಸ್ ಮುಗಿಸಿದವರೆಲ್ಲ ಹಡಗುಗಳೊಳಗೆ ಅಡ್ಡಾಡಿ ಬರಬಹುದು’ ಎಂದು ಬರೆದದ್ದು ಜೀವಕ್ಕೇ ಎರವಾಗುವ ಮಾತು.

ಸ್ಕೂಬಾ ಡೈವಿಂಗ್‌ನ ಆ ಆರಂಭಿಕ ಕೋರ್ಸ್ ಕಲಿಸುವುದು 18 ಮೀಟರ್ ಆಳದವರೆಗೆ ಮಾತ್ರ. ಹವಳದ ದಿಬ್ಬದ ಬಳಿ ಏನಾದರೂ ಎಡವಟ್ಟಾದರೆ ನಿಧಾನವಾಗಿ ನೇರ ಮೇಲೇರಬಹುದು. ಹಡಗಿನೊಳಗೆ ತಲೆಯ ಮೇಲೆ ಇರುವುದು ಕಬ್ಬಿಣ.

ಗಾಳಿಯ ಲೆಕ್ಕವನ್ನೇ ನೋಡಿ. ನೀರಿನ ಮೇಲೆ ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುವವರಿಗೆ 30 ಮೀಟರ್ ಆಳದಲ್ಲಿ 80 ಲೀಟರ್ ಬೇಕು, ಅಲ್ಲಿ ಒತ್ತಡ ನಾಲ್ಕು ಪಟ್ಟು. 12 ಲೀಟರಿನ ಸಿಲಿಂಡರ್‌ಗೆ 200 ಬಾರ್ ಒತ್ತಡದವರೆಗೆ ಗಾಳಿ ತುಂಬಿದರೆ ಸಿಗುವುದು 2,400 ಲೀಟರ್, ಅಂದರೆ ಅರ್ಧ ಗಂಟೆಗೆ ಪೂರ್ತಿ ಖಾಲಿ. ಒಳಗೆ ಹೋಗುವವರು ಇದರ ಮೂರರಲ್ಲೊಂದು ಭಾಗ ಹೋಗಲು, ಒಂದು ಭಾಗ ವಾಪಸು ಬರಲು ಇಟ್ಟುಕೊಂಡು, ಉಳಿದದ್ದನ್ನು ಮುಟ್ಟುವುದಿಲ್ಲ. ಜೊತೆಗಾರನ ಗಾಳಿ ಕೈಕೊಟ್ಟರೆ ಇಬ್ಬರೂ ಉಸಿರಾಡಬೇಕಾದದ್ದು ಅದರಲ್ಲೇ. ಹೋಗಲು ಸಿಗುವುದು ಹತ್ತು ನಿಮಿಷ; ಇಳಿಯುವಾಗ ಖರ್ಚಾದದ್ದನ್ನು ಕಳೆದರೆ ಅಷ್ಟೂ ಇಲ್ಲ.

ಇನ್ನು ಹೂಳು. ಎಂಜಿನ್ ಕೋಣೆಯ ನೆಲದಲ್ಲಿ ಹಿಟ್ಟಿನಂಥ ಹೂಳು ಕೂತಿರುತ್ತದೆ. ಕಾಲಿಗೆ ತೊಟ್ಟ ಫಿನ್‌ಗಳನ್ನು ಮೇಲೆ ಕೆಳಗೆ ಬಡಿದರೆ ಅದು ಎದ್ದು ಟಾರ್ಚ್ ಬೆಳಕನ್ನೇ ನುಂಗುತ್ತದೆ. ಮೊಣಕಾಲು ಮಡಚಿ ಕಪ್ಪೆಯಂತೆ ಪಕ್ಕಕ್ಕೆ ಒದೆಯಬೇಕು. ಅಷ್ಟು ಜಾಗ್ರತೆ ವಹಿಸಿದರೂ ಉಸಿರಿನ ಗುಳ್ಳೆಗಳು ಚಾವಣಿಗೆ ತಾಗಿ ತುಕ್ಕಿನ ಪುಡಿ ಉದುರುತ್ತದೆ. ಆಗ ಹೊರಬರುವ ದಾರಿ ಗೊತ್ತಾಗುವುದು ಕೈಯಲ್ಲಿರುವ ದಾರದಿಂದ ಮಾತ್ರ. ರೀಲ್‌ನಿಂದ ಬಿಚ್ಚುತ್ತ ಹೋಗುವ ಈ ದಾರದ ಮೊದಲ ಗಂಟು ಬಾಗಿಲ ಹೊರಗೆ, ಎರಡನೆಯದು ಒಳಗೆ ಕಾಲಿಟ್ಟ ಕೂಡಲೇ. ಒಬ್ಬೊಬ್ಬರ ಬಳಿ ಮೂರು ಟಾರ್ಚ್ ಇರಬೇಕು. ಗೈಡ್ ಇದ್ದಾನಲ್ಲ ಎನ್ನುವವರು, ಹೂಳೆದ್ದ ಮೇಲೆ ಗೈಡೂ ಕಾಣುವುದಿಲ್ಲ ಎಂಬುದನ್ನು ಮರೆಯುತ್ತಾರೆ.

ಹೊಸಬರಿಗೆ ಹೊರಗಿನ ನೋಟವೇ ಬೇಕಾದಷ್ಟಿದೆ. ತೈಲ ಹಡಗು ಶಿಂಕೊಕು ಮಾರುವಿನ ಮೇಲ್ಭಾಗವನ್ನು ಮೃದು ಹವಳ, ಸ್ಪಂಜುಗಳು ಮುತ್ತಿಕೊಂಡಿವೆ. ಎಷ್ಟೋ ಹವಳದ ದಿಬ್ಬಗಳಿಗಿಂತ ಅದೇ ಚೆಂದ ಎಂಬುದು ನನ್ನ ಅಭಿಪ್ರಾಯ. ನೆಟ್ಟಗೆ ನಿಂತಿರುವ ಫುಜಿಕಾವಾ ಮಾರುವಿನ ಡೆಕ್ ಕೂಡ ಹೆಚ್ಚು ಆಳವಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಮಾರುವಿನ ಡೆಕ್ ಮೇಲಿನ ಯುದ್ಧ ಟ್ಯಾಂಕುಗಳು ಮಾತ್ರ ಸುಮಾರು 50 ಮೀಟರ್ ಆಳದಲ್ಲಿವೆ. ಅಲ್ಲಿ ಬರೀ ಗಾಳಿ ಉಸಿರಾಡಿದರೆ ನೈಟ್ರೋಜನ್ ಅಮಲೇರಿ ಗೇಜ್ ಓದುವುದೂ ಕಷ್ಟ. ಮೇಲೇರುವಾಗ ಹಂತಹಂತವಾಗಿ ನಿಲ್ಲುವ ತರಬೇತಿ ಇಲ್ಲದವರು ಅತ್ತ ಸುಳಿಯಬಾರದು.

ಲೇಖನದ ಚಿತ್ರದಲ್ಲಿ ಪಿಂಗಾಣಿ ಬಟ್ಟಲು, ಗ್ಯಾಸ್ ಮಾಸ್ಕ್, ಬಾಟಲಿಗಳು ಡೆಕ್ ಮೇಲೆ ಸಾಲಾಗಿವೆ. ಹಡಗು ಮುಳುಗಿದಾಗ ಅವು ಹಾಗೆ ಕೂತಿರಲಿಲ್ಲ, ಫೋಟೊಗಾಗಿ ಯಾರೋ ಒಳಗಿಂದ ತಂದು ಜೋಡಿಸಿದ್ದು. ಯಾವ ವಸ್ತು ಯಾವ ಕೋಣೆಯದೆಂಬ ಸುಳಿವು ಅಲ್ಲಿಗೆ ಅಳಿಸಿಹೋಯಿತು. ಈ ಹಡಗುಗಳಲ್ಲಿ ಸತ್ತವರ ಅಸ್ಥಿಗಳೂ ಇವೆ. ವಸ್ತುಗಳನ್ನು ಮೇಲೆ ತರುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ. ತರದೆ ಅಲ್ಲೇ ಸರಿಸಿದರೂ ಹಾನಿ ಹಾನಿಯೇ.

ಕೊನೆಗೆ, ಲೇಖನದ ಜೊತೆ ಕೊಟ್ಟ ವೇಳಾಪಟ್ಟಿಯಲ್ಲಿ ಬೆಳಿಗ್ಗೆ ಡೈವ್, ಸಂಜೆ ಗುವಾಮ್‌ಗೆ ವಿಮಾನ ಎಂದಿದೆ. ದಿನವೂ ಡೈವ್ ಮಾಡಿದವರು ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಇಲ್ಲವಾದರೆ ಮೈಯಲ್ಲಿ ಕರಗಿ ಉಳಿದ ನೈಟ್ರೋಜನ್, ವಿಮಾನದೊಳಗಿನ ಕಡಿಮೆ ಒತ್ತಡಕ್ಕೆ ಗುಳ್ಳೆಯಾಗಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೂ ಒಯ್ಯಬಹುದು. ಆ ವೇಳಾಪಟ್ಟಿಯನ್ನಾದರೂ ತಿದ್ದಿ ಮುಂದಿನ ಪುರವಣಿಯಲ್ಲಿ ಮರುಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಸ್ಕೂಬಾ ತರಬೇತುದಾರ