ಅಜ್ಜಿ ಸತ್ತ ದಿನ ಅಂಗಳದಲ್ಲಿದ್ದ ಅಡಿಕೆ

ಶಿರಸಿ

ಪ್ರೀತಿಯ ತಂಗೀ,

ನಿನ್ನ ಕಥೆಯನ್ನು ಮೂರು ಸಲ ಓದಿದೆ. ಮೊದಲ ಸಲ ರಾತ್ರಿ ಸುಮ್ನೆ ಓದಿದೆ, ಆಮೇಲೆ ಎರಡು ಸಲ ಬೆಳಿಗ್ಗೆ ಜಗಲಿಯಲ್ಲಿ ಕೂತು, ಪೆನ್ನು ಹಿಡಿದುಕೊಂಡು. ಜೊತೆಗಿಟ್ಟ ಚೀಟಿಯನ್ನೂ ಓದಿದೆ. "ಅಳುತ್ತಲೇ ಬರೆದಿದ್ದು, ಒಂದಕ್ಷರ ತಿದ್ದಿದರೂ ಸುಳ್ಳಾಗುತ್ತದೇನೋ ಅಂತ ಭಯ" ಅಂದಿದ್ದೀಯ. ಕಥೆಗಿಂತ ಆ ಚೀಟಿಗೇ ಜಾಸ್ತಿ ಉತ್ತರ ಕೊಡಬೇಕು ಅನ್ನಿಸಿತು.

ನೀನು ಅತ್ತಿದ್ದು ನಿಜ. ಅದರಲ್ಲಿ ನನಗೆ ಒಂದಿಷ್ಟೂ ಅನುಮಾನ ಇಲ್ಲ. ಆದರೆ ನಿನ್ನ ಅಜ್ಜಿಯನ್ನು ನಾನು ನೋಡಿಲ್ಲ ತಂಗೀ. ಎದೆ ಒಡೆಯಿತು, ಲೋಕ ಕತ್ತಲಾಯಿತು, ಕಣ್ಣೀರು ಕೋಡಿ ಹರಿಯಿತು ಅಂತ ಮೂರು ಪುಟ ಓದಿದ ಮೇಲೂ ಅವರು ಎತ್ತರ ಇದ್ದರೋ ಕುಳ್ಳಗಿದ್ದರೋ, ಮೊಮ್ಮಗಳನ್ನು ಏನಂತ ಕರೆಯುತ್ತಿದ್ದರು, ಯಾವುದಕ್ಕೆ ಸಿಟ್ಟಾಗುತ್ತಿದ್ದರು, ಒಂದೂ ಗೊತ್ತಾಗಲಿಲ್ಲ. ಗುರುತೇ ಇಲ್ಲದವರ ಸಾವಿಗೆ ನಾನು ಹೇಗೆ ಅಳಲಿ?

ಆಮೇಲೆ ಐದನೇ ಪುಟದಲ್ಲಿ ಒಂದು ಸಾಲು ಬಂತು. ಅಜ್ಜಿಯನ್ನು ಹೊರಗೆ ಮಲಗಿಸಿದ ಹೊತ್ತಲ್ಲೇ ಮೋಡ ಕಟ್ಟಿತು, ಯಾರೋ "ಅಡಿಕೆ, ಅಡಿಕೆ" ಅಂದರು, ಅಳುತ್ತಿದ್ದವರಲ್ಲಿ ಅರ್ಧ ಜನ ಎದ್ದು ಅಂಗಳಕ್ಕೆ ಓಡಿದರು. ಅಷ್ಟೇ ಬರೆದು ಮತ್ತೆ ಕಣ್ಣೀರಿಗೆ ಹೋಗಿಬಿಟ್ಟಿದ್ದೀಯ. ನಾನು ಅಲ್ಲೇ ನಿಂತೆ. ಪೆನ್ನು ಕೆಳಗಿಟ್ಟೆ.

ನಾನು ಇಪ್ಪತ್ತಾರರ ವಯಸ್ಸಲ್ಲಿದ್ದಾಗ ಒಂದು ತಾಳಮದ್ದಳೆಯಲ್ಲಿ, ಅಂದರೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ದಶರಥನ ಅರ್ಥ ಹೇಳಿದ್ದೆ, ಅವನ ಮಾತು ಆಡುವವನು ನಾನು. ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ರಾಮ ಕಾಡಿಗೆ ಹೊರಡುವ ಸಂದರ್ಭ ಬಂತು, ನನಗೆ ನಿಜವಾಗಿಯೂ ದುಃಖ ಒತ್ತಿ ಬಂತು, ಮಾತು ಹೊರಡಲಿಲ್ಲ, ಅಳುತ್ತಾ ಕೂತೆ. ಇವತ್ತು ಇಡೀ ಸಭೆ ಅಳುತ್ತದೆ ಅಂದುಕೊಂಡಿದ್ದೆ. ಜನ ಮುಖ ಮುಖ ನೋಡಿಕೊಂಡರು, ಒಬ್ಬಿಬ್ಬರು ಕೆಮ್ಮಿದರು, ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಪ್ರಸಂಗ ಉಳಿಸಿದರು. ಮುಗಿದ ಮೇಲೆ ಹಿರಿಯ ಅರ್ಥಧಾರಿಯೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡು, "ತಮ್ಮಾ, ನೀ ಅತ್ತಾಗ ಜನ ನಿನ್ನ ನೋಡಿದರು, ಪಾಪ ಅಪ್ಪನನ್ನು ಕಳಕೊಂಡವನು ಅಂದರು. ದಶರಥನನ್ನು ಯಾರೂ ನೋಡಲಿಲ್ಲ" ಅಂದರು. ಬೈಯಲಿಲ್ಲ, ಬೆನ್ನ ಮೇಲೆ ಕೈ ಇಟ್ಟುಕೊಂಡೇ ಹೇಳಿದರು. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗೆ ಇರುವುದು ಮಾತೊಂದೇ. ಆ ಮಾತು ನಿಂತರೆ ದಶರಥ ಎಲ್ಲಿಂದ ಬರಬೇಕು?

ನೀನು ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ರಂಗದ ಮೇಲೆ ನೋಡಿದ್ದೀಯೋ ಇಲ್ಲವೋ. ಅವರು ತೀರಿಕೊಂಡಿದ್ದು 2017ರಲ್ಲಿ, ನೀನಾಗ ಚಿಕ್ಕವಳು. ನಾನು ಅವರ ಭಸ್ಮಾಸುರನನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಕಡೆಗೆ ಮೋಹಿನಿ ಕುಣಿದ ಹಾಗೆ ಭಸ್ಮಾಸುರ ಕುಣಿಯಬೇಕು, ಅವಳ ಮೋಹದಲ್ಲಿ ತನ್ನ ಕೈ ಏನು ಅನ್ನುವುದನ್ನೇ ಮರೆತು ತಲೆ ಮೇಲೆ ಇಟ್ಟುಕೊಳ್ಳಬೇಕು. ಆ ಕಣ್ಣು ನೋಡಿದರೆ ಈ ಮನುಷ್ಯನಿಗೆ ಈಗ ಮೈಮೇಲೆ ಎಚ್ಚರ ಇಲ್ಲ ಅನ್ನಿಸುತ್ತಿತ್ತು. ಆದರೆ ಕಾಲು ನೋಡು, ಒಂದು ಹೆಜ್ಜೆ ಚಂಡೆಗೆ ತಪ್ಪುತ್ತಿರಲಿಲ್ಲ. ಭಸ್ಮಾಸುರ ಮೈಮರೆತಿದ್ದ, ಚಿಟ್ಟಾಣಿ ಮರೆತಿರಲಿಲ್ಲ. ತಾಳ ತಪ್ಪಿದ್ದರೆ ಆ ಕೈ ತಲೆಗೆ ಹೋಗುವ ಗಳಿಗೆಯಲ್ಲಿ ನಾವು ಉಸಿರು ಹಿಡಿಯುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ತಿದ್ದಿದರೆ ಸುಳ್ಳಾಗುತ್ತದೆ ಅನ್ನುವ ಭಯ ಬಿಡು.

ಈಗ ಆ ಅಡಿಕೆಗೆ ಬರೋಣ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಮಂಡ್ಯದ ಓದುಗನಿಗೆ ಗೊತ್ತಿರಲಿಕ್ಕಿಲ್ಲ. ಚಾಲಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಅಡಿಕೆ, ಆಗಬೇಕಾದರೆ ಹಣ್ಣಡಿಕೆಗೆ 40-45 ದಿನ ಒಳ್ಳೆ ಬಿಸಿಲು ಬೇಕು, ನಡುವೆ ನೆನೆದರೆ ಬಣ್ಣ ಕೆಡುತ್ತದೆ, ಬೂಸ್ಟು ಹಿಡಿಯುತ್ತದೆ, ದರ ಬೀಳುತ್ತದೆ. ವರ್ಷದ ಅನ್ನ ಅದು. ಇಷ್ಟು ಗೊತ್ತಾದರೆ ಸಾಕು, ಆ ಓಟದಲ್ಲಿ ಏನಿದೆ ಅಂತ ಯಾರಿಗೂ ಅರ್ಥ ಆಗುತ್ತದೆ, ಅಲ್ವಾ? ಇದನ್ನು ಪಾಠದ ಹಾಗೆ ಹೇಳಬೇಡ. ಓಡುವವರ ಬಾಯಲ್ಲಿ ಬರಲಿ, ಎಷ್ಟು ದಿನದ ಬಿಸಿಲು ಕಂಡಿತ್ತು ಅಂತ ಒಬ್ಬರು ಗೊಣಗಲಿ. ಯಾರು ಮೊದಲು ಎದ್ದರು? ಬುಟ್ಟಿ ತಂದವರು ಯಾರು? ಟಾರ್ಪಾಲು ಹೊದಿಸಿದ್ದು ಯಾರು, ಅಥವಾ ಆ ದಿನ ಟಾರ್ಪಾಲು ಬೇರೆ ಕಡೆ ಬೇಕಾಗಿತ್ತೋ? ಯಾರು ಅಜ್ಜಿಯ ಹತ್ತಿರವೇ ಉಳಿದರು? ಆ ಅಡಿಕೆಯನ್ನು ಬಿಸಿಲಿಗೆ ಹರಡಿದ್ದೇ ಅಜ್ಜಿ ಅಂತ ಇನ್ನೊಂದು ಕಡೆ ಬರೆದಿದ್ದೀಯ. ಅದನ್ನು ಇಲ್ಲಿಗೆ ತಾ. ಈ ಒಂದು ಸಾಲನ್ನು ಎರಡು ಪುಟ ಮಾಡು, ಆ ಮೂರು ಪುಟ ಕಣ್ಣೀರನ್ನು ತೆಗೆದುಬಿಡು. "ದುಃಖ" ಅನ್ನುವ ಶಬ್ದ ಒಂದು ಸಲವೂ ಬೇಡ. ಕಷ್ಟ ಆಗುತ್ತದೆ, ನನಗೆ ಗೊತ್ತು. ಕತ್ತರಿಸುವಾಗ ಅಜ್ಜಿಗೇ ಮೋಸ ಮಾಡಿದ ಹಾಗೆ ಅನ್ನಿಸುತ್ತದೆ. ಮಾಡು.

ಇವತ್ತೇ ಮಾಡಬೇಡ ಮತ್ತೆ. ಅಜ್ಜಿ ಹೋಗಿ ಇನ್ನೂ ವರ್ಷಾಂತಿಕವೂ ಆಗಿಲ್ಲ. ಅಡಿಕೆಗೆ ಕೊಡುವಷ್ಟು ದಿನವನ್ನಾದರೂ ಆ ಹಾಳೆಗಳಿಗೆ ಕೊಡು, ಪೆಟ್ಟಿಗೆಯಲ್ಲಿಟ್ಟು ಮುಚ್ಚು, ಬೇರೆ ಏನಾದರೂ ಬರೆ. ಆಮೇಲೆ ತೆಗೆದು ಗಟ್ಟಿಯಾಗಿ ಓದು, ಗೋಡೆಗಾದರೂ ಓದಿ ಹೇಳು. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಗೆರೆ ಎಳೆ. ನಾನು ಈಗಲೂ ಹೀಗೇ ಮಾಡುತ್ತೇನೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇದು ನಿನಗೆ ಈಗ ಬೇಕಾಗಿಲ್ಲ, ಹತ್ತು ವರ್ಷ ಬಿಟ್ಟು ಬೇಕಾಗುತ್ತದೆ. ನಲವತ್ತರ ಹೊತ್ತಿಗೆ ನನಗೆ ಕಥೆ ಕಟ್ಟುವುದು ಕೈಗೆ ಹತ್ತಿತ್ತು. ಎಲ್ಲಿ ಶುರು ಮಾಡಬೇಕು, ಎಲ್ಲಿ ಮುಚ್ಚಿಡಬೇಕು, ಎಲ್ಲಿ ಬಿಡಬೇಕು, ಎಲ್ಲ ಗೊತ್ತು. ಆಗ ಸೂಪಾ ಅಣೆಕಟ್ಟಿನ ನೀರಲ್ಲಿ ಊರು ಕಳೆದುಕೊಂಡ ಒಂದು ಮನೆಯ ಕಥೆ ಬರೆದೆ. ಒಂದು ವಾಕ್ಯ ಆಚೀಚೆ ಇರಲಿಲ್ಲ, ಹೊಗಳಿದರು. ಒಂದು ದಿನ ಜೋಯಿಡಾ ಕಡೆಯ ಹಿರಿಯರೊಬ್ಬರು ಸಿಕ್ಕರು, ಅವರದ್ದೂ ಮುಳುಗಿದ ಊರೇ. "ಕಥೆ ಚೆನ್ನಾಗಿದೆ. ನಾವು ಹೊರಡುವಾಗ ಮನೆಯ ಬಾಗಿಲು ಕಿತ್ತು ಗಾಡಿಯಲ್ಲಿ ಹಾಕಿಕೊಂಡು ಹೋದೆವು. ಅಂಥದ್ದು ಏನೂ ಇದರಲ್ಲಿಲ್ಲ" ಅಂದರು. ನಾನು ಅಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ ತಂಗೀ. ಯಾರ ಜೊತೆಯೂ ಕೂತು ಕೇಳಿರಲಿಲ್ಲ. ಕೇಳಬೇಕು ಅಂತ ಅನ್ನಿಸಿರಲೂ ಇಲ್ಲ, ಕೈ ನಡೆಯುತ್ತಿತ್ತು, ಅದರ ಪಾಡಿಗೆ ಬರೆಯಿತು. ಆ ಕಥೆಯನ್ನು ಆಮೇಲೆ ನಾನು ಯಾವ ಸಂಕಲನಕ್ಕೂ ಸೇರಿಸಲಿಲ್ಲ.

ನಿನ್ನ ಹತ್ತಿರ ಬಾಗಿಲೂ ಇದೆ, ಅಡಿಕೆಯೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಂದು ಮಾತ್ರ ಕೇಳಿ ತಿಳಿದುಕೋ. ಜನ ಅಂಗಳಕ್ಕೆ ಓಡಿದಾಗ ನಿನ್ನ ಅಪ್ಪ ಏನು ಮಾಡಿದರು? ಅವರ ಅಮ್ಮ ಅಲ್ಲವಾ ಸತ್ತಿದ್ದು, ಅಡಿಕೆಯೂ ಅವರದ್ದೇ. ಎದ್ದರೋ, ಕೂತೇ ಇದ್ದರೋ, ಎದ್ದು ಬಾಗಿಲಲ್ಲಿ ನಿಂತುಬಿಟ್ಟರೋ, ಕಥೆಯಲ್ಲಿ ಎಲ್ಲೂ ಇಲ್ಲ. ಅಪ್ಪನನ್ನೇ ಕೇಳು, ಹೇಳಲು ಆಗದಿದ್ದರೆ ಅಮ್ಮನನ್ನು ಕೇಳು. ಗೊತ್ತಾದ ದಿನ ನನಗೊಂದು ಸಾಲು ಬರೆ.

ನಿನ್ನ,
ಅಣ್ಣ