ಫೈರ್‌ವಾಲ್ ಆಫ್ ಮಾಡಿ ಅಂತ ಹೇಳೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಕಂಪ್ಯೂಟರ್ ಪ್ರಶ್ನೋತ್ತರ ಅಂಕಣದಲ್ಲಿ ಒಬ್ಬ ಓದುಗರು ಪ್ರಿಂಟರ್ ಕನೆಕ್ಟ್ ಆಗ್ತಿಲ್ಲ ಏನ್ ಮಾಡ್ಲಿ ಅಂತ ಕೇಳಿದ್ರು. ಉತ್ತರದಲ್ಲಿ "ಫೈರ್‌ವಾಲ್ ಆಫ್ ಮಾಡಿ ನೋಡಿ" ಅನ್ನೋ ಒಂದು ಸಾಲಿತ್ತು. ಫೈರ್‌ವಾಲ್ ಅಂದ್ರೆ ನಾವು ಕರೀದೇ ಹೊರಗಿಂದ ಬರೋ ಕನೆಕ್ಷನ್‌ನ ತಡೆಯೋ ಕಾವಲು ಪ್ರೋಗ್ರಾಂ. ಆಫ್ ಮಾಡಿ ಅಂತ ಇತ್ತು, ಕೆಲಸ ಆದ್ಮೇಲೆ ವಾಪಸ್ ಆನ್ ಮಾಡಿ ಅಂತ ಇರ್ಲಿಲ್ಲ. ಓದಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ, ಯಾಕಂದ್ರೆ ನಮ್ಮನೇಲೇ ಹಿಂಗೆ ಆಫ್ ಆದ ಫೈರ್‌ವಾಲ್ ಐದು ತಿಂಗಳು ಹಾಗೇ ಇತ್ತು, ಯಾರಿಗೂ ಗೊತ್ತೇ ಆಗ್ಲಿಲ್ಲ.

ಅದಕ್ಕೆ ಶುರು ನನ್ನಿಂದಾನೇ ಆಗಿದ್ದು. ಅಪ್ಪನ ಕಂಪ್ಯೂಟರ್ ಭದ್ರವಾಗಿರ್ಲಿ ಅಂತ ತುಂಬಾ ಪವರ್‌ಫುಲ್ ಅಂತ ಹೆಸರಿದ್ದ ಒಂದು ಫೈರ್‌ವಾಲ್ ಹಾಕ್ಕೊಟ್ಟೆ. ಅವತ್ತಿಂದ ಅವರಿಗೆ ಪಾಪ್‌ಅಪ್ ಕಾಟ. ಯಾವುದೋ ಎಸ್‌ವಿಸಿಹೋಸ್ಟ್ ಅನ್ನೋದು ಯಾವುದೋ ನಂಬರಿನ ಅಡ್ರೆಸ್ಸಿಗೆ, ಪೋರ್ಟ್ 53ರಲ್ಲಿ ಹೋಗ್ಬೇಕು ಅಂತಿದೆ, ಬಿಡ್ಲಾ ತಡೀಲಾ? ಇಂಥಾ ಪ್ರಶ್ನೆ ದಿನಕ್ಕೆ ಹತ್ತಾರು ಬರೋದು, ಮೊದಮೊದಲು ಪ್ರತಿ ಸಲ ನಂಗೆ ಫೋನ್ ಮಾಡಿ "ಇದಕ್ಕೆ ಏನೋ ಒತ್ಲಿ" ಅಂತ ಕೇಳೋರು, ನಾನು ಕೆಲಸದಲ್ಲಿದ್ರೆ ಫೋನ್ ಎತ್ತೋಕಾಗ್ತಿರ್ಲಿಲ್ಲ, ಆಮೇಲೆ ಆಮೇಲೆ ಕೇಳೋದೇ ಬಿಟ್ಟು ಎಲ್ಲದಕ್ಕೂ ಅಲೋ ಒತ್ತೋಕೆ ಶುರು ಮಾಡಿದ್ರು. ಒಂದಿನ ಭಯಕ್ಕೆ ಬ್ಲಾಕ್ ಒತ್ತಿದ್ರು. ಅದು ಇದೇ ಪೋರ್ಟ್ 53, ಅಂದ್ರೆ ವೆಬ್‌ಸೈಟ್ ಹೆಸರು ಟೈಪ್ ಮಾಡಿದಾಗ ಅದರ ನಂಬರ್ ಹುಡ್ಕೊಂಡು ಬರೋ ಡಿಎನ್‌ಎಸ್ ದಾರಿ. ಅದನ್ನ ಮುಚ್ಚಿದ್ಮೇಲೆ ಒಂದು ಪೇಜೂ ಓಪನ್ ಆಗ್ಲಿಲ್ಲ. ರಿಪೇರಿಗೆ ಬಂದವರು ನೋಡಿ ಆ ಪ್ರೋಗ್ರಾಂನೂ ಆಫ್ ಮಾಡಿದ್ರು, ವಿಂಡೋಸ್ ಜೊತೆ ಬರೋ ಫೈರ್‌ವಾಲ್‌ನೂ ಆಫ್ ಮಾಡಿದ್ರು, ನೆಟ್ ಬಂತು, ಹೊರಟ್ರು. ನಾನು ರಜೆಗೆ ಊರಿಗೆ ಹೋದಾಗ್ಲೇ ಗೊತ್ತಾಗಿದ್ದು.

ಅಪ್ಪಂದು ತಪ್ಪು ಅಂತ ನಂಗೆ ಒಂದು ದಿನಾನೂ ಅನ್ನಿಸಿಲ್ಲ. ಉತ್ತರ ಕೊಡೋಕೆ ಆಗದೇ ಇರೋರ ಮುಂದೆ ಪ್ರಶ್ನೆ ಇಟ್ಟು ಜವಾಬ್ದಾರಿ ಕಳ್ಕೊಳ್ಳೋದು ರಕ್ಷಣೆ ಅಲ್ವೇ ಅಲ್ಲ. ಪ್ರತಿಯೊಂದಕ್ಕೂ ಕೇಳೋ ಫೈರ್‌ವಾಲೇ ಜಾಸ್ತಿ ಸೇಫ್ ಅಂತ ವಾದ ಮಾಡೋರು ಇದ್ದಾರೆ, ಪೋರ್ಟ್ ಪ್ರೋಟೋಕಾಲ್ ಗೊತ್ತಿರೋರ ಕೈಲಿ ಅದು ನಿಜಾನೂ ಹೌದು. ಮನೆಯವರ ಕೈಲಿ ಅದು ಎರಡೇ ವಾರದಲ್ಲಿ ಅಲೋ ಒತ್ತೋ ಅಭ್ಯಾಸ ಆಗ್ಬಿಡುತ್ತೆ, ಆ ಅಭ್ಯಾಸ ಬಿಡಿಸೋದು ಬಹಳ ಕಷ್ಟ. ಅದಕ್ಕೇ ಮನೆಗೆ ಫೈರ್‌ವಾಲ್ ಆರಿಸೋವಾಗ ಫೀಚರ್ ಪಟ್ಟಿ ನೋಡ್ಬೇಡಿ, ಅದು ಎಷ್ಟು ಕಮ್ಮಿ ಸಲ ಕೇಳುತ್ತೆ, ಕೇಳಿದಾಗ ನಮಗೆ ಅರ್ಥ ಆಗೋ ಹಾಗೆ ಕೇಳುತ್ತಾ ಅಂತ ನೋಡಿ ಅನ್ನೋದು ನನ್ನ ಮಾತು.

ಹಂಗಂತ ಫೈರ್‌ವಾಲ್ ಇಲ್ದೇನೂ ನಡಿಯುತ್ತೆ ಅಂತ ಯಾರೂ ಅಂದ್ಕೋಬಾರ್ದು. ಒಂದು ಕಂಪ್ಯೂಟರಿಗೆ 0ಯಿಂದ 65535ರ ತನಕ ಪೋರ್ಟ್ ನಂಬರ್ ಇರುತ್ತೆ, ಒಂದೊಂದೂ ಒಂದು ಬಾಗಿಲು ಅಂತ ಇಟ್ಕೊಳ್ಳಿ. ನಾವು ಒಂದು ಪೇಜ್ ಕೇಳಿದ್ರೆ ಅದರ ಉತ್ತರ ಒಳಗೆ ಬರುತ್ತೆ, ಅದನ್ನ ಫೈರ್‌ವಾಲ್ ಬಿಡುತ್ತೆ. ನಾವು ಕರೀದೇನೇ ಬಂದು ಬಾಗಿಲು ತಟ್ಟೋದನ್ನ ಬಿಡಲ್ಲ. ಇಷ್ಟೇ ಕೆಲಸ, ಆದ್ರೆ ಇಷ್ಟು ಇಲ್ದೇ ಇದ್ದಾಗ ಏನಾಯ್ತು ಅಂತ 2003ರ ಆಗಸ್ಟ್‌ನಲ್ಲಿ ಕಂಪ್ಯೂಟರ್ ಇಟ್ಕೊಂಡಿದ್ದೋರಿಗೆ ನೆನಪಿರುತ್ತೆ. ಬ್ಲಾಸ್ಟರ್ ಅನ್ನೋ ವರ್ಮ್, ಅಂದ್ರೆ ತಾನಾಗೇ ಹರಡೋ ವೈರಸ್ ತರದ್ದು, ಪೋರ್ಟ್ 135ರಿಂದ ನುಗ್ತಿತ್ತು, ಯಾರೂ ಯಾವ ಫೈಲೂ ಓಪನ್ ಮಾಡ್ಬೇಕಾಗಿರ್ಲಿಲ್ಲ, ಯಾವ ಲಿಂಕೂ ಒತ್ಬೇಕಾಗಿರ್ಲಿಲ್ಲ, ನೆಟ್ಟಿಗೆ ಕನೆಕ್ಟ್ ಆಗಿದ್ರೆ ಸಾಕು, ಸ್ಕ್ರೀನ್ ಮೇಲೆ 60 ಸೆಕೆಂಡ್ ಕೌಂಟ್‌ಡೌನ್ ಬಂದು ಮಷೀನ್ ರೀಸ್ಟಾರ್ಟ್ ಆಗೋದು. ಅದನ್ನ ತಡೆಯೋ ಅಪ್‌ಡೇಟ್ ಅದರ ಹಿಂದಿನ ತಿಂಗಳೇ ಬಂದಿತ್ತು, ಸುಮಾರು ಜನ ಹಾಕ್ಕೊಂಡಿರ್ಲಿಲ್ಲ. ನಂಗೆ ತುಂಬಾ ಬೇಜಾರಾಗೋ ವಿಷಯ ಏನಂದ್ರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಒಳಗೆ ಫೈರ್‌ವಾಲ್ ಮೊದ್ಲಿಂದಾನೇ ಇತ್ತು! ಆಫ್ ಆಗಿತ್ತು ಅಷ್ಟೇ. ಹುಡುಕಿ ಆನ್ ಮಾಡೋರು ಎಷ್ಟು ಜನ ಇರ್ತಾರೆ ಹೇಳಿ. 2004ರ ಆಗಸ್ಟ್‌ನಲ್ಲಿ ಸರ್ವಿಸ್ ಪ್ಯಾಕ್ 2 ಅನ್ನೋ ದೊಡ್ಡ ಅಪ್‌ಡೇಟ್ ಬಂದ್ಮೇಲೆ ಅದು ತಾನಾಗೇ ಆನ್ ಇರೋ ಹಾಗಾಯ್ತು. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವನ್ನಾಕ್ರೈ ಹರಡಿದ್ದೂ ಇದೇ ತರ, ಫೈಲ್ ಶೇರ್ ಮಾಡೋ ಪೋರ್ಟ್ 445ರಿಂದ.

ಈಗ ಯಾವುದು ಹಾಕ್ಬೇಕು ಅನ್ನೋದು. ವಿಂಡೋಸ್ ಇರೋರು ಹೊಸದಾಗಿ ಏನೂ ಹಾಕ್ಬೇಡಿ, ಅದರಲ್ಲೇ ಇರೋದು ಮನೆಗೆ ಸಾಕು. ಹೊರಗಿಂದ ಬರೋದನ್ನ ತಡೆಯುತ್ತೆ, ಒಳಗಿಂದ ಹೋಗೋದನ್ನ ಬಿಡುತ್ತೆ, ಯಾವುದಾದ್ರೂ ಪ್ರೋಗ್ರಾಂ ಹೊರಗಿನ ಕನೆಕ್ಷನ್ ಒಳಗೆ ಬರಮಾಡ್ಕೋಬೇಕು ಅಂದಾಗ ಮಾತ್ರ ಕೇಳುತ್ತೆ. ಹಾಗೆ ಕೇಳಿದಾಗ ಏನು ಅಂತ ಗೊತ್ತಾಗ್ಲಿಲ್ವಾ, ಕ್ಯಾನ್ಸಲ್ ಒತ್ತಿ. ಹೊರಗೆ ಹೋಗೋ ದಾರಿ ತೆರೆದೇ ಇರೋದ್ರಿಂದ ಎಷ್ಟೋ ಪ್ರೋಗ್ರಾಂ ಆಮೇಲೂ ಕೆಲಸ ಮಾಡ್ತವೆ, ಇದನ್ನ ಅಪ್ಪನಿಗೆ ಹೇಳಿದಾಗ ಅವರ ಮುಖದಲ್ಲಿ ಬಂದ ನಿರಾಳ ನೋಡ್ಬೇಕಿತ್ತು ನೀವು. ಮ್ಯಾಕ್ ಇರೋರು ಮಾತ್ರ ಒಂದ್ಸಲ ನೋಡ್ಕೊಳ್ಳಿ, ಅದರಲ್ಲಿ ಫೈರ್‌ವಾಲ್ ಇರುತ್ತೆ ಆದ್ರೆ ಸಾಮಾನ್ಯವಾಗಿ ನಾವೇ ಹೋಗಿ ಆನ್ ಮಾಡ್ಬೇಕು. ಲಿನಕ್ಸ್ ಜಾತಿಯ ಉಬುಂಟುನಲ್ಲೂ ಅಷ್ಟೇ, ಯುಎಫ್‌ಡಬ್ಲ್ಯು ಅನ್ನೋ ಫೈರ್‌ವಾಲ್ ಇರುತ್ತೆ, ಆಫ್ ಆಗಿರುತ್ತೆ, ಕಮಾಂಡ್ ಟೈಪ್ ಮಾಡೋ ಟರ್ಮಿನಲ್ ಅಂದ್ರೆ ಹೆದರಿಕೆ ಇರೋರಿಗೆ ಜಿಯುಎಫ್‌ಡಬ್ಲ್ಯು ಅಂತ ಸ್ವಿಚ್ ಒತ್ತೋ ತರದ್ದು ಸಿಗುತ್ತೆ.

ಒಳಗಿನ ಪ್ರೋಗ್ರಾಂಗಳು ಹೊರಗೆ ಯಾರ ಜೊತೆ ಮಾತಾಡ್ತಿವೆ ಅಂತಾನೂ ಹಿಡಿತ ಬೇಕು ಅನ್ನೋರಿಗೆ ವಿಂಡೋಸ್‌ನಲ್ಲಿ ಟೈನಿವಾಲ್ ಅನ್ನೋ ಪ್ರೋಗ್ರಾಂ ಇದೆ, ಅದು ಪಾಪ್‌ಅಪ್ ಹಾಕಲ್ಲ, ನಮಗೆ ಬೇಕಾದ ಪ್ರೋಗ್ರಾಂನ ನಾವೇ ತೋರಿಸಿ ಬಿಡ್ಬೇಕು. ಮ್ಯಾಕ್‌ಗೆ ಲುಲು ಅಂತ ಉಚಿತವಾಗಿ ಸಿಗುತ್ತೆ, ಅದು ಕೇಳೋ ಜಾತಿದು. ಮನೆಯ ಹಿರಿಯರ ಮಷೀನ್‌ಗೆ ನಾನಾದ್ರೆ ಎರಡೂ ಹಾಕಲ್ಲ.

ರೌಟರ್ ಇದೆಯಲ್ಲ ಮತ್ಯಾಕೆ ಅಂತ ಕೇಳೋರಿಗೆ: ರೌಟರ್ ಹೊರಗಿನವರನ್ನ ತಡೆಯುತ್ತೆ ನಿಜ, ಆದ್ರೆ ಅದೇ ವೈಫೈನಲ್ಲಿರೋ ಇನ್ನೊಂದು ಮಷೀನ್‌ಗೆ ವೈರಸ್ ಬಂದ್ರೆ ಅದು ಆಗ್ಲೇ ಗೋಡೆ ಒಳಗಿದೆ. ಲ್ಯಾಪ್‌ಟಾಪ್ ಹೊರಗೆ ತಗೊಂಡ್ ಹೋದಾಗ ಮನೆಯ ರೌಟರ್ ಜೊತೆಗೆ ಬರಲ್ಲ. ಮೋಸದ ಮೇಲ್‌ನಲ್ಲಿರೋ ಲಿಂಕ್ ನಾವೇ ಒತ್ತಿದ್ರೆ ರೌಟರೂ ತಡೆಯಲ್ಲ, ಫೈರ್‌ವಾಲೂ ತಡೆಯಲ್ಲ, ಅದು ಬೇರೆ ಮಾತು.

ಈಗ ಆ ಪ್ರಿಂಟರ್ ಓದುಗರ ವಿಷಯಕ್ಕೆ ಬರ್ತೀನಿ, ಅವರು ಇನ್ನೂ ಆಫ್ ಮಾಡ್ಕೊಂಡೇ ಕೂತಿದ್ರೆ ಅನ್ನೋ ಯೋಚನೆಗೇ ಈ ಪತ್ರ ಬರೀತಿರೋದು. ವಿಂಡೋಸ್ ಆದ್ರೆ ಮೊದ್ಲು ನೋಡ್ಬೇಕಾದ್ದು ಮನೆಯ ವೈಫೈನ ಪಬ್ಲಿಕ್ ಅಂತ ಗುರುತು ಮಾಡಿದೆಯಾ ಪ್ರೈವೇಟ್ ಅಂತ ಮಾಡಿದೆಯಾ ಅನ್ನೋದು. ಪಬ್ಲಿಕ್ ಅಂತ ಇದ್ರೆ ಅಕ್ಕಪಕ್ಕದ ಸಾಧನಗಳಿಂದ ನಮ್ಮ ಕಂಪ್ಯೂಟರ್‌ನ ಮರೆ ಮಾಡುತ್ತೆ, ಅದಕ್ಕೇ ಪ್ರಿಂಟರ್ ಸಿಗದೇ ಇರಬಹುದು, ಪ್ರೈವೇಟ್ ಮಾಡಿದ್ರೆ ಎಷ್ಟೋ ಸಲ ಅಲ್ಲೇ ಸರಿ ಹೋಗುತ್ತೆ. ಇದು ಮನೆಯ ವೈಫೈಗೆ ಮಾತ್ರ, ಹೊರಗಡೆ ಎಲ್ಲೇ ಕನೆಕ್ಟ್ ಆದ್ರೂ ಪಬ್ಲಿಕ್ಕೇ ಇರ್ಲಿ. ಆಗ್ಲಿಲ್ಲ ಅಂದ್ರೆ ಪ್ರಿಂಟರ್ ಪ್ರೋಗ್ರಾಂ ಒಂದನ್ನೇ ಫೈರ್‌ವಾಲ್‌ನಲ್ಲಿ ಅಲೋ ಮಾಡ್ಬಹುದು, ಎಲ್ಲಾ ಬಾಗಿಲು ತೆಗೀಬೇಕಾಗಿಲ್ಲ. ಏನೇನೋ ಒತ್ತಿ ಸೆಟ್ಟಿಂಗ್ ಎಲ್ಲಾ ಕೆಟ್ಟಿದ್ರೆ ಫೈರ್‌ವಾಲ್‌ನ ಮೊದಲಿನ ಹಾಗೆ ಮಾಡೋ ಡೀಫಾಲ್ಟ್ ಆಯ್ಕೆನೂ ಅಲ್ಲೇ ಇದೆ. ಪರೀಕ್ಷೆಗೆ ಅಂತ ಆಫ್ ಮಾಡ್ಲೇಬೇಕು ಅಂದ್ರೆ ಐದು ನಿಮಿಷಕ್ಕೆ ಮಾಡಿ, ಪ್ರಿಂಟರ್ ಬರ್ಲಿ ಬಿಡ್ಲಿ, ಎದ್ದು ಹೋಗೋ ಮುಂಚೆ ಆನ್ ಮಾಡಿ.

ಸಂಪಾದಕರೆ, ನಿಮ್ಮ ಅಂಕಣ ನೋಡಿ ಅದರ ಪ್ರಕಾರನೇ ಮಾಡೋರು ಬಹಳ ಜನ ಇದ್ದಾರೆ, ನಮ್ಮಪ್ಪನೂ ಅದನ್ನ ಕತ್ತರಿಸಿ ಇಟ್ಕೊಳ್ತಾರೆ. ದಯವಿಟ್ಟು ಮುಂದಿನ ವಾರ ಅದೇ ಜಾಗದಲ್ಲಿ ಒಂದು ತಿದ್ದುಪಡಿ ಹಾಕಿ. ಸ್ಟಾರ್ಟ್ ಮೆನುನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ, ಫೈರ್‌ವಾಲ್ ಅಂತಿರೋ ಕಡೆ ಒತ್ತಿ, ಪ್ರೈವೇಟ್, ಪಬ್ಲಿಕ್ ಎರಡರ ಕೆಳಗೂ ಆನ್ ಅಂತ ಇದೆಯಾ ನೋಡ್ಕೊಳ್ಳಿ ಅಂತ ಬರೆದ್ರೆ ಸಾಕು, ಎರಡು ಸಾಲಲ್ಲಿ ಮುಗಿಯುತ್ತೆ.

ಇಂತಿ,
ನಿಮ್ಮ ಒಬ್ಬ ಓದುಗ